ಗಾಳಿಗೆ ತಿರುಗುವ ಮೊಟ್ಟೆ: ಕೆನಡಾದ ಬಯಲಿನಲ್ಲಿ ಒಂದು ರಸ್ತೆ ಪ್ರವಾಸ

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ವೆಗ್ರೆವಿಲ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಉದ್ಯಾನವೊಂದರಲ್ಲಿ ಮೂರು ಅಂತಸ್ತಿನ ಮನೆಯಷ್ಟು ಎತ್ತರಕ್ಕೆ ಒಂದು ಮೊಟ್ಟೆ ನಿಂತಿದೆ. ಚಿನ್ನ, ಬೆಳ್ಳಿ, ಕಂಚಿನ ಬಣ್ಣದ ಅಲ್ಯೂಮಿನಿಯಂ ತುಂಡುಗಳಿಂದ ಮಾಡಿದ ಈ ಮೊಟ್ಟೆ ಗಾಳಿ ಬೀಸಿದಂತೆ ತಿರುಗುತ್ತದೆ. ಪಕ್ಕದ ಮಂಡೇರ್ ಎಂಬ ಊರಿಗೆ ಹೋದರೆ 42 ಅಡಿಯ ಸಾಸೇಜ್ ನಿಂತಿದೆ. ಗ್ಲೆಂಡನ್ ಎಂಬಲ್ಲಿ ಫೋರ್ಕ್‌ಗೆ ಚುಚ್ಚಿದ 27 ಅಡಿಯ ಕಡುಬು ಇದೆ. ಸೇಂಟ್ ಪಾಲ್ ಎಂಬ ಊರಿನಲ್ಲಂತೂ ಅನ್ಯಗ್ರಹದವರ ಹಾರುವ ತಟ್ಟೆ ಬಂದಿಳಿಯಲೆಂದೇ ಕಾಂಕ್ರೀಟ್ ಕಟ್ಟೆ ಕಟ್ಟಿಟ್ಟಿದ್ದಾರೆ!

ಇದೇನು ಹುಚ್ಚು ಎಂದು ನಗು ಬರುವುದು ಸಹಜ. ಆದರೆ ನಕ್ಕು ಮುಂದೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಜನ ಕಡಿಮೆ, ಹೊಲಗಳೇ ಹೆಚ್ಚು ಇರುವ ಈ ಪ್ರದೇಶದಲ್ಲಿ ಊರಿಗೊಂದು ದೈತ್ಯ ವಸ್ತು ಏಕೆ ನಿಂತಿತು? ಉತ್ತರ ಸಿಗಬೇಕಾದರೆ ಅಲ್ಲಿನ ನೆಲವನ್ನೂ, ಅಲ್ಲಿಗೆ ಬಂದ ಜನರನ್ನೂ, ಬರುವ ಮೊದಲೇ ಅಲ್ಲಿದ್ದ ಜನರನ್ನೂ ತಿಳಿಯಬೇಕು. ಭೂಗೋಳ, ಜೀವಶಾಸ್ತ್ರ, ಇತಿಹಾಸ ಮೂರೂ ಇಲ್ಲಿ ಒಂದೇ ರಸ್ತೆಯಲ್ಲಿ ಸಿಗುತ್ತವೆ. ಬನ್ನಿ, ನಕ್ಷೆ ಬಿಡಿಸಿಕೊಂಡು ಎಡ್ಮಂಟನ್ ನಗರದಿಂದ ಹೊರಟು ಸುಮಾರು 500 ಕಿ.ಮೀ. ಸುತ್ತಿ ಮತ್ತೆ ಅಲ್ಲಿಗೇ ಬರೋಣ.

ಮನೆಯನ್ನೇ ಓಡಿಸಿಕೊಂಡು ಹೋಗುವುದು

ಉತ್ತರ ಅಮೆರಿಕದಲ್ಲಿ ಇಂಥ ಪ್ರವಾಸಕ್ಕೆ ಬಹಳ ಜನ ಬಳಸುವ ವಾಹನ ಆರ್‌ವಿ. ರಿಕ್ರಿಯೇಷನಲ್ ವೆಹಿಕಲ್ ಎಂಬುದರ ಚುಟುಕು ಹೆಸರು ಇದು. ನಮ್ಮಲ್ಲಿ ಸಿನಿಮಾ ಚಿತ್ರೀಕರಣದ ಸ್ಥಳದಲ್ಲಿ ನಟರ ಕ್ಯಾರವಾನ್ ನಿಂತಿರುವುದನ್ನು ನೀವು ನೋಡಿರಬಹುದು. ಹೆಚ್ಚುಕಡಿಮೆ ಅದೇ ಬಗೆ. ಕೆಲವು ಆರ್‌ವಿಗಳಿಗೆ ತಮ್ಮದೇ ಎಂಜಿನ್ ಇರುತ್ತದೆ. ಅವು ಮೋಟರ್‌ಹೋಮ್‌ಗಳು. ಇನ್ನು ಕೆಲವನ್ನು ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಾರೆ. ಅವು ಟ್ರೇಲರ್‌ಗಳು. ಒಳಗೆ ಹಾಸಿಗೆ, ಒಲೆ, ಫ್ರಿಜ್, ಸಣ್ಣ ಬಚ್ಚಲು, ಶೌಚಾಲಯ ಎಲ್ಲವೂ ಇರುತ್ತವೆ.

ಆರ್‌ವಿಯ ಒಳಗುಟ್ಟು ಇರುವುದು ಅದರ ಮೂರು ಟ್ಯಾಂಕ್‌ಗಳಲ್ಲಿ. ಒಂದರಲ್ಲಿ ಕುಡಿಯುವ ಮತ್ತು ಬಳಸುವ ಶುದ್ಧ ನೀರು. ಎರಡನೆಯದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು. ಮೂರನೆಯದರಲ್ಲಿ ಶೌಚಾಲಯದ ಕೊಳಚೆ. ಮೊದಲ ಟ್ಯಾಂಕ್ ಖಾಲಿಯಾಗುತ್ತಿದ್ದಂತೆ ಉಳಿದೆರಡು ತುಂಬುತ್ತಾ ಹೋಗುತ್ತವೆ. ಅವನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಅದಕ್ಕಾಗಿ ಶಿಬಿರದ ಜಾಗಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಬೇರೆಯೇ ವ್ಯವಸ್ಥೆ ಇರುತ್ತದೆ. ಕೊಳವೆ ಜೋಡಿಸಿ ಮೊದಲು ಕೊಳಚೆ, ಆಮೇಲೆ ಸ್ನಾನದ ನೀರು ಬಿಡುವುದು ರೂಢಿ. ಹೀಗೆ ಮಾಡಿದರೆ ಎರಡನೆಯ ನೀರು ಕೊಳವೆಯನ್ನು ತೊಳೆದುಬಿಡುತ್ತದೆ. ಅಡುಗೆಗೂ ಚಳಿ ಕಾಯಿಸಲೂ ಪ್ರೊಪೇನ್ ಗ್ಯಾಸ್ ಬಳಸುತ್ತಾರೆ. ದೀಪಕ್ಕೆ 12 ವೋಲ್ಟ್ ಬ್ಯಾಟರಿ ಇರುತ್ತದೆ. ಶಿಬಿರದ ಜಾಗದಲ್ಲಿ ನಿಲ್ಲಿಸಿದಾಗ ಅಲ್ಲಿನ ವಿದ್ಯುತ್ ಕಂಬಕ್ಕೆ ತಂತಿ ಸಿಕ್ಕಿಸಿಕೊಳ್ಳುತ್ತಾರೆ.

ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನಾವು ಯೋಚಿಸುವುದಿಲ್ಲ. ಆರ್‌ವಿಯಲ್ಲಿ ಎರಡು ದಿನ ಇದ್ದವರು ಯೋಚಿಸಲೇಬೇಕಾಗುತ್ತದೆ. ಇಂಧನದ ಲೆಕ್ಕವೂ ಹಾಗೆಯೇ. ದೊಡ್ಡ ಮೋಟರ್‌ಹೋಮ್ ಲೀಟರಿಗೆ ನಾಲ್ಕೈದು ಕಿ.ಮೀ. ಓಡಿದರೆ ಹೆಚ್ಚು. ಬಯಲಿನ ಅಡ್ಡಗಾಳಿ ಎತ್ತರದ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಮುಸ್ಸಂಜೆಯಲ್ಲಿ ಜಿಂಕೆ, ಮೂಸ್‌ಗಳು ರಸ್ತೆಗೆ ಬರುತ್ತವೆ. ಹೀಗಾಗಿ ಇಲ್ಲಿ ನಿಧಾನವೇ ಪ್ರಧಾನ. ನಿಧಾನವಾಗಿ ಹೋದರೆ ತಾನೇ ರಸ್ತೆ ಬದಿಯಲ್ಲಿ ಏನಿದೆ ಎಂದು ಕಾಣುವುದು.

ಕಾಲವೂ ಮುಖ್ಯ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಪ್ರವಾಸ ಸುಖಕರ. ಚಳಿಗಾಲದಲ್ಲಿ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಜೂನ್‌ನಲ್ಲಿ ಎಡ್ಮಂಟನ್‌ನ ಹಗಲು ಸುಮಾರು 17 ಗಂಟೆ. ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ!

ಕಾಡೂ ಅಲ್ಲ, ಬಯಲೂ ಅಲ್ಲ

ಎಡ್ಮಂಟನ್‌ನಿಂದ ಪೂರ್ವಕ್ಕೆ 16ನೇ ಸಂಖ್ಯೆಯ ಯೆಲ್ಲೋಹೆಡ್ ಹೆದ್ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ನಗರ ಮರೆಯಾಗುತ್ತದೆ. ಅಲ್ಲಿಂದ ಶುರುವಾಗುವ ಭೂದೃಶ್ಯಕ್ಕೆ ಪ್ರೈರಿ ಪಾರ್ಕ್‌ಲ್ಯಾಂಡ್ ಅಥವಾ ಆಸ್ಪೆನ್ ಪಾರ್ಕ್‌ಲ್ಯಾಂಡ್ ಎಂದು ಹೆಸರು. ಪ್ರೈರಿ ಎಂದರೆ ಹುಲ್ಲಿನ ಬಯಲು. ಕೆನಡಾದ ದಕ್ಷಿಣದಲ್ಲಿ ಒಣ ಹುಲ್ಲಿನ ಬಯಲು, ಉತ್ತರದಲ್ಲಿ ಸೂಚಿಪರ್ಣಿ ಮರಗಳ ದಟ್ಟ ಕಾಡು. ಈ ಎರಡರ ನಡುವೆ ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ ಪ್ರಾಂತ್ಯಗಳ ಮೂಲಕ ಬಿಲ್ಲಿನಂತೆ ಬಾಗಿ ಹೋಗುವ ಪಟ್ಟಿಯೇ ಪಾರ್ಕ್‌ಲ್ಯಾಂಡ್. ಇಲ್ಲಿ ಒಂದು ತುಂಡು ಹುಲ್ಲು, ಒಂದು ಗುಂಪು ಮರ, ಒಂದು ಕೊಳ, ಮತ್ತೆ ಹುಲ್ಲು. ನಮ್ಮ ಮಲೆನಾಡು ಮತ್ತು ಬಯಲುಸೀಮೆಗಳ ನಡುವೆ ಧಾರವಾಡ, ಹಾನಗಲ್, ಶಿಕಾರಿಪುರದ ಕಡೆ ಅರೆಮಲೆನಾಡು ಇದೆಯಲ್ಲ, ಅದೇ ರೀತಿ ಎರಡು ಬೇರೆ ಬೇರೆ ಪ್ರದೇಶಗಳು ಸಂಧಿಸುವ ನೆಲ ಇದು. ಜೀವಶಾಸ್ತ್ರದಲ್ಲಿ ಇಂಥ ಸಂಧಿಪ್ರದೇಶವನ್ನು ಇಕೋಟೋನ್ ಎನ್ನುತ್ತಾರೆ. ಎರಡೂ ಕಡೆಯ ಜೀವಿಗಳು ಇಲ್ಲಿ ಸೇರುವುದರಿಂದ ಜೀವವೈವಿಧ್ಯ ಹೆಚ್ಚು.

ಎಡ್ಮಂಟನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಸೇರಿ ಸುಮಾರು 450 ಮಿ.ಮೀ. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಲ್ಲಿ ಬೀಳುವಷ್ಟೇ. ಆದರೂ ಅಲ್ಲಿ ಮರಗಳು ಬೆಳೆಯುತ್ತವೆ, ಏಕೆಂದರೆ ಚಳಿಯ ಊರಿನಲ್ಲಿ ನೀರು ಆವಿಯಾಗುವುದು ಕಡಿಮೆ. ಬಿದ್ದ ನೀರು ನೆಲದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ತೇವ ನಿಲ್ಲುವ ತಗ್ಗಿನಲ್ಲಿ ಮರ, ಒಣಗುವ ಏರಿನಲ್ಲಿ ಹುಲ್ಲು.

ಈ ತಗ್ಗುಗಳನ್ನು ಮಾಡಿದ್ದು ಮಂಜುಗಡ್ಡೆ. ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಉತ್ತರ ಅಮೆರಿಕವನ್ನು ಮುಚ್ಚಿದ್ದ ದೈತ್ಯ ಹಿಮಹಾಳೆ ಕರಗಿ ಹಿಂದೆ ಸರಿಯಿತು. ಹೋಗುವಾಗ ಅದು ಮಣ್ಣು ಕಲ್ಲುಗಳ ರಾಶಿಯಲ್ಲಿ ದೊಡ್ಡ ದೊಡ್ಡ ಮಂಜಿನ ಗಡ್ಡೆಗಳನ್ನು ಹೂತು ಬಿಟ್ಟಿತು. ಅವು ಕರಗಿದ ಮೇಲೆ ಅಲ್ಲೆಲ್ಲ ಗುಂಡಿಗಳಾದವು. ಗುಂಡಿಗಳಲ್ಲಿ ನೀರು ನಿಂತು ಲೆಕ್ಕವಿಲ್ಲದಷ್ಟು ಸಣ್ಣ ಕೊಳಗಳಾದವು. ವಸಂತದಲ್ಲಿ ಬಾತುಕೋಳಿಗಳು ಇಲ್ಲಿಗೆ ಬಂದು ಮರಿ ಮಾಡುತ್ತವೆ. ಉತ್ತರ ಅಮೆರಿಕದ ಬಾತುಕೋಳಿಗಳಲ್ಲಿ ಅರ್ಧದಷ್ಟಾದರೂ ಹುಟ್ಟುವುದು ಈ ಕೊಳಗಳ ನಾಡಿನಲ್ಲಿ. ನಮ್ಮ ದಾರಿಗೆ ಹತ್ತಿರದ ಆಂಡ್ರ್ಯೂ ಎಂಬ ಹಳ್ಳಿ ರೆಕ್ಕೆ ಬಿಚ್ಚಿದ ದೈತ್ಯ ಬಾತುಕೋಳಿಯೊಂದನ್ನು ನಿಲ್ಲಿಸಿಕೊಂಡಿರುವುದರ ಹಿನ್ನೆಲೆ ಇದೇ.

ನಡುಗುವ ಎಲೆಯ ಮರ

ಪಾರ್ಕ್‌ಲ್ಯಾಂಡಿನ ಮುಖ್ಯ ಮರ ಆಸ್ಪೆನ್. ಬಿಳಿ ತೊಗಟೆ, ದುಂಡು ಎಲೆ. ಗಾಳಿಯೇ ಇಲ್ಲವೆನಿಸಿದಾಗಲೂ ಇದರ ಎಲೆಗಳು ನಡುಗುತ್ತಿರುತ್ತವೆ. ಅರಳಿ ಮರದ ಕೆಳಗೆ ನಿಂತವರಿಗೆ ಆ ಸದ್ದು ಗೊತ್ತು. ಆಸ್ಪೆನ್ ಎಲೆಯ ತೊಟ್ಟು ದುಂಡಗಿರದೆ ಪಟ್ಟಿಯಂತೆ ಚಪ್ಪಟೆಯಾಗಿರುತ್ತದೆ. ಅದಕ್ಕೇ ಸಣ್ಣ ಗಾಳಿಗೂ ಎಲೆ ಅತ್ತಿತ್ತ ಅಲುಗುತ್ತದೆ. ಸೆಪ್ಟೆಂಬರ್ ಬಂತೆಂದರೆ ಎಲೆಗಳೆಲ್ಲ ಹಳದಿ.

ಆಸ್ಪೆನ್‌ನ ಇನ್ನೊಂದು ವಿಶೇಷ ನೆಲದ ಅಡಿಯಲ್ಲಿದೆ. ಒಂದು ಗುಂಪಿನಲ್ಲಿ ನೂರು ಮರ ಕಂಡರೆ ಅವು ನೂರು ಬೇರೆ ಬೇರೆ ಮರಗಳಾಗಿರಬೇಕೆಂದಿಲ್ಲ. ಒಂದೇ ಬೇರಿನ ಜಾಲದಿಂದ ಎದ್ದ ನೂರು ಕಾಂಡಗಳಿರಬಹುದು. ಎಲ್ಲದರ ಡಿಎನ್‌ಎ ಒಂದೇ. ಇದನ್ನು ಕ್ಲೋನ್ ಎನ್ನುತ್ತಾರೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಪಾಂಡೊ ಎಂಬ ಹೆಸರಿನ ಇದೇ ಜಾತಿಯ ಕ್ಲೋನ್ ಸುಮಾರು 43 ಹೆಕ್ಟೇರ್‌ಗೆ ಹರಡಿದೆ. ಬೆಂಕಿ ಬಿದ್ದು ಮೇಲಿನ ಮರಗಳೆಲ್ಲ ಸುಟ್ಟರೂ ಬೇರು ಬದುಕಿರುತ್ತದೆ. ಮರುವರ್ಷ ಸಾವಿರಾರು ಚಿಗುರು ಮೇಲೇಳುತ್ತವೆ.

ಹಾಗಾದರೆ ಇಷ್ಟು ಗಟ್ಟಿ ಮರ ಬಯಲನ್ನೆಲ್ಲ ಏಕೆ ಆವರಿಸಲಿಲ್ಲ? ತಡೆಯುವವರು ಇದ್ದರು. ಮೊದಲನೆಯದು ಬೆಂಕಿ. ಸಿಡಿಲಿನಿಂದ ಬಿದ್ದ ಬೆಂಕಿಯಲ್ಲದೆ, ಕ್ರೀ ಮುಂತಾದ ಮೂಲನಿವಾಸಿ ಜನರು ಹೊಸ ಹುಲ್ಲು ಚಿಗುರಲೆಂದು ಲೆಕ್ಕ ಹಾಕಿ ಹಚ್ಚುತ್ತಿದ್ದ ಬೆಂಕಿಯೂ ಉಂಟು. ಎರಡನೆಯದು ಬೈಸನ್. ಹಿಂಡು ಹಿಂಡಾಗಿ ಬಂದು ಎಳೆ ಸಸಿಗಳನ್ನು ತುಳಿಯುತ್ತಿದ್ದವು, ಮರಗಳಿಗೆ ಮೈ ಉಜ್ಜಿ ತೊಗಟೆ ಕಿತ್ತು ಬೀಳಿಸುತ್ತಿದ್ದವು. ಬರಗಾಲ ಮೂರನೆಯದು. ಈ ಮೂರೂ ಸೇರಿ ಹುಲ್ಲು ಮತ್ತು ಮರದ ನಡುವೆ ಸಮತೋಲನ ಕಾಯುತ್ತಿದ್ದವು. ಅಂದರೆ ಪಾರ್ಕ್‌ಲ್ಯಾಂಡ್ ತಾನಾಗಿ ಹಾಗೆ ಉಳಿದಿದ್ದಲ್ಲ. ಪ್ರಾಣಿಗಳೂ ಜನರೂ ಅದನ್ನು ಹಾಗೆ ಉಳಿಸಿಕೊಂಡು ಬಂದಿದ್ದರು.

ಮೊದಲ ನಿಲ್ದಾಣ: ಎಲ್ಕ್ ಐಲೆಂಡ್

ಎಡ್ಮಂಟನ್‌ನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಎಲ್ಕ್ ಐಲೆಂಡ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಹೆಸರಿನಲ್ಲಿ ದ್ವೀಪ ಇದ್ದರೂ ಸುತ್ತ ಸಮುದ್ರವಿಲ್ಲ, ಇರುವುದು ಬೇಲಿ ಮತ್ತು ಹೊಲ. 194 ಚದರ ಕಿ.ಮೀ. ವಿಸ್ತೀರ್ಣದ ಈ ಉದ್ಯಾನಕ್ಕೆ ಪೂರ್ತಿ ಬೇಲಿ ಹಾಕಲಾಗಿದೆ. 1906ರಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ರಕ್ಷಣೆಗಾಗಿ ಇದು ಆರಂಭವಾಯಿತು. ಆದರೆ ಇಂದು ಜನ ಬರುವುದು ಬೈಸನ್ ನೋಡಲು.

ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿಯನ್ನು ಕೆಲವರು ಇಂಡಿಯನ್ ಬೈಸನ್ ಎಂದು ಕರೆಯುವುದುಂಟು. ಆದರೆ ಅದು ಬೇರೆ, ಇದು ಬೇರೆ. ಅಮೆರಿಕದ ಬೈಸನ್‌ಗೆ ಬೆನ್ನ ಮೇಲೆ ಡುಬ್ಬ, ತಲೆ ಕುತ್ತಿಗೆಗೆ ದಟ್ಟ ಕಂಬಳಿಯಂಥ ಕೂದಲು. ಗಂಡು 900 ಕಿಲೋವರೆಗೂ ತೂಗುತ್ತದೆ. ಅಷ್ಟು ದೇಹವಿದ್ದರೂ ಗಂಟೆಗೆ 50 ಕಿ.ಮೀ. ಮೀರಿದ ವೇಗದಲ್ಲಿ ಓಡಬಲ್ಲದು. ಅದಕ್ಕೇ ಕನಿಷ್ಠ 100 ಮೀಟರ್ ದೂರ ಇರಬೇಕೆಂದು ಉದ್ಯಾನದವರು ಎಚ್ಚರಿಸುತ್ತಾರೆ. ಹೆದ್ದಾರಿ ಈ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಉತ್ತರದ ಭಾಗದಲ್ಲಿ ಬಯಲು ಬೈಸನ್, ದಕ್ಷಿಣದ ಭಾಗದಲ್ಲಿ ಅದಕ್ಕಿಂತ ದೊಡ್ಡದಾದ ಕಾಡು ಬೈಸನ್. ಎರಡೂ ಬೆರೆಯದಂತೆ ನೋಡಿಕೊಳ್ಳುತ್ತಾರೆ.

ಒಂದು ಕಾಲದಲ್ಲಿ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಬೈಸನ್‌ಗಳಿದ್ದವು. ಚರ್ಮದ ವ್ಯಾಪಾರ, ರೈಲು, ಬಂದೂಕು ಬಂದ ಮೇಲೆ 1880ರ ದಶಕದ ಕೊನೆಗೆ ಅವು ಬೆರಳೆಣಿಕೆಯ ಹಿಂಡುಗಳಿಗೆ ಇಳಿದವು. ಬೈಸನ್ ಹೋದದ್ದೆಂದರೆ ಒಂದು ಪ್ರಾಣಿ ಹೋದದ್ದಷ್ಟೇ ಅಲ್ಲ. ಮೂಲನಿವಾಸಿಗಳಿಗೆ ಅದೇ ಊಟ, ಅದೇ ಬಟ್ಟೆ, ಅದೇ ಡೇರೆ. ಅದು ಇಲ್ಲವಾದಾಗ ಊರೂರೇ ಹಸಿವಿಗೆ ಬಿದ್ದಿತು.

ಅಮೆರಿಕದ ಮೊಂಟಾನಾದಲ್ಲಿ ಮಿಷೆಲ್ ಪಾಬ್ಲೊ ಎಂಬವರ ಬಳಿ ದೊಡ್ಡ ಹಿಂಡೊಂದು ಉಳಿದಿತ್ತು. ಕೆನಡಾ ಸರ್ಕಾರ ಅದನ್ನು ಕೊಂಡಿತು. 1907ರಲ್ಲಿ ರೈಲಿನಲ್ಲಿ ತಂದ ಬೈಸನ್‌ಗಳನ್ನು ತಾತ್ಕಾಲಿಕವಾಗಿ ಎಲ್ಕ್ ಐಲೆಂಡಿನಲ್ಲಿ ಬಿಟ್ಟರು. ಎರಡು ವರ್ಷದ ಬಳಿಕ ಅವನ್ನು ಬೇರೆ ಉದ್ಯಾನಕ್ಕೆ ಸಾಗಿಸುವಾಗ ಕೆಲವು ಕೈಗೆ ಸಿಗದೆ ಪೊದೆಯಲ್ಲಿ ಉಳಿದುಬಿಟ್ಟವು. ಇಂದಿನ ಬಯಲು ಬೈಸನ್‌ಗಳು ಆ ತಪ್ಪಿಸಿಕೊಂಡವುಗಳ ಸಂತತಿ. ಇಲ್ಲಿಂದ 2016ರಲ್ಲಿ ಮೊಂಟಾನಾದ ಬ್ಲ್ಯಾಕ್‌ಫೀಟ್ ಜನರ ನೆಲಕ್ಕೆ ಎಂಬತ್ತಕ್ಕೂ ಹೆಚ್ಚು ಬೈಸನ್‌ಗಳನ್ನು ಕಳುಹಿಸಲಾಯಿತು. 2017ರಲ್ಲಿ 16 ಬೈಸನ್‌ಗಳು ಬ್ಯಾಂಫ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವು. ಒಂದು ಸಣ್ಣ ಜಾಗವನ್ನು ಬೇಲಿ ಹಾಕಿ ಕಾಪಾಡಿದ್ದರಿಂದ ನೂರು ವರ್ಷದ ಬಳಿಕ ಬೇರೆ ನೆಲಗಳಿಗೂ ಬೈಸನ್ ಮರಳಿತು.

160 ಎಕರೆಯ ಚೌಕಗಳು

ನಿಮ್ಮ ಫೋನಿನಲ್ಲಿ ಗೂಗಲ್ ಮ್ಯಾಪ್ ತೆರೆದು ವೆಗ್ರೆವಿಲ್ ಸುತ್ತಲಿನ ಉಪಗ್ರಹ ಚಿತ್ರ ನೋಡಿ. ನೆಲವೆಲ್ಲ ಗೆರೆ ಹಾಕಿದ ಲೆಕ್ಕದ ಪುಸ್ತಕದಂತೆ ಚೌಕ ಚೌಕವಾಗಿ ಕಾಣುತ್ತದೆ. ಈ ಚೌಕಗಳ ಹಿಂದೆ ಒಂದು ಕಾನೂನಿದೆ. 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆಯಂತೆ ನೆಲವನ್ನು ಒಂದು ಮೈಲಿಯ ಚೌಕಗಳಾಗಿ ಅಳೆದರು. ಒಂದು ಚೌಕ 640 ಎಕರೆ, ಅದರ ಕಾಲುಭಾಗ 160 ಎಕರೆ. ಹತ್ತು ಡಾಲರ್ ಶುಲ್ಕ ಕಟ್ಟಿ, ಅಲ್ಲೇ ಮನೆ ಕಟ್ಟಿ, ಕೆಲವು ವರ್ಷ ಉತ್ತು ಬಿತ್ತಿದವನಿಗೆ ಆ 160 ಎಕರೆ ಸ್ವಂತ.

ಆದರೆ ಸರ್ಕಾರ ಹಂಚಿದ ಆ ನೆಲ ಖಾಲಿ ಬಿದ್ದಿರಲಿಲ್ಲ. 1876ರಲ್ಲಿ ಕ್ರೀ ಮತ್ತಿತರ ಜನರೊಡನೆ ಮಾಡಿಕೊಂಡ ಆರನೇ ಒಪ್ಪಂದದ ವ್ಯಾಪ್ತಿಗೆ ಈ ಪ್ರದೇಶವೆಲ್ಲ ಸೇರುತ್ತದೆ. ಒಪ್ಪಂದದ ನಂತರ ಮೂಲನಿವಾಸಿಗಳು ಗೊತ್ತುಪಡಿಸಿದ ಸಣ್ಣ ಸಣ್ಣ ಜಾಗಗಳಿಗೆ ಸರಿಯಬೇಕಾಯಿತು. ಉಳಿದದ್ದು ಚೌಕಗಳಾಗಿ ಹಂಚಿಹೋಯಿತು.

ಚೌಕಗಳಿಗೆ ಬಂದವರಲ್ಲಿ ಉಕ್ರೇನಿಯನ್ನರು ಬಹಳ. 1890ರ ದಶಕದಿಂದ ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಗಲೀಷಿಯಾ, ಬುಕೊವಿನಾ ಪ್ರಾಂತ್ಯಗಳ ಬಡ ರೈತರು ಹಡಗು ಹತ್ತಿದರು. ಸಪಾಟಾದ ದಕ್ಷಿಣದ ಬಯಲಿಗಿಂತ ಅವರಿಗೆ ಪಾರ್ಕ್‌ಲ್ಯಾಂಡ್ ಹಿಡಿಸಿತು. ಊರಿನಲ್ಲಿ ಸೌದೆಗೂ ಪರದಾಡಿದ್ದವರು ಅವರು. ಇಲ್ಲಿ ಉಳಲು ನೆಲವಿತ್ತು, ಮನೆ ಕಟ್ಟಲು ಮರವಿತ್ತು, ದನಕ್ಕೆ ನೀರಿತ್ತು.

ಎಲ್ಕ್ ಐಲೆಂಡ್ ದಾಟುತ್ತಿದ್ದಂತೆ ಹೆದ್ದಾರಿ ಪಕ್ಕದಲ್ಲೇ ಉಕ್ರೇನಿಯನ್ ಕಲ್ಚರಲ್ ಹೆರಿಟೇಜ್ ವಿಲೇಜ್ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. ಸುತ್ತಲಿನ ಊರುಗಳ ಹಳೆಯ ಮನೆ, ಅಂಗಡಿ, ಶಾಲೆ, ಚರ್ಚ್‌ಗಳನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. ಮೊದಲ ಚಳಿಗಾಲ ಕಳೆಯಲು ವಲಸಿಗರು ನೆಲ ಅಗೆದು, ಮೇಲೆ ಹುಲ್ಲುಹೆಂಟೆ ಹೊದಿಸಿ ಮಾಡಿಕೊಳ್ಳುತ್ತಿದ್ದ ಬುರ್ಡೇ ಎಂಬ ಗುಡಿಸಲೂ ಇಲ್ಲಿದೆ. ಆ ಕಾಲದ ಉಡುಪು ತೊಟ್ಟ ಸಿಬ್ಬಂದಿ ಆ ಕಾಲದವರಂತೆಯೇ ಮಾತನಾಡಿಸುತ್ತಾರೆ.

ಮೊಟ್ಟೆಯ ಗಣಿತ

ಈಗ ವೆಗ್ರೆವಿಲ್‌ನ ಮೊಟ್ಟೆ ಅರ್ಥವಾಗುತ್ತದೆ. ಮೇಣ ಮತ್ತು ಬಣ್ಣ ಬಳಸಿ ಮೊಟ್ಟೆಯ ಮೇಲೆ ಚಿತ್ತಾರ ಬಿಡಿಸುವುದು ಉಕ್ರೇನಿಯನ್ನರ ಹಳೆಯ ಕಲೆ. ಅದರ ಹೆಸರು ಪಿಸಾಂಕಾ. ಕೆನಡಾದ ಅಶ್ವಾರೋಹಿ ಪೊಲೀಸ್ ಪಡೆಯ ಶತಮಾನೋತ್ಸವದ ನೆನಪಿಗೆ ಏನಾದರೂ ಮಾಡಬೇಕೆಂದಾಗ ಪಟ್ಟಣದವರು ಪಿಸಾಂಕಾ ಆರಿಸಿಕೊಂಡರು. 1975ರಲ್ಲಿ ಅದು ತಲೆಯೆತ್ತಿತು.

ಆದರೆ ಲೋಹದ ತಗಡಿನಿಂದ ಮೊಟ್ಟೆ ಮಾಡುವುದು ಹೇಗೆ? ಚೆಂಡಿನಂತೆ ಮೊಟ್ಟೆ ಎಲ್ಲ ಕಡೆ ಒಂದೇ ಸಮ ಬಾಗಿರುವುದಿಲ್ಲ. ಒಂದು ತುದಿ ಚೂಪು, ಇನ್ನೊಂದು ಮೊಂಡು. ಯೂಟಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ರೊನಾಲ್ಡ್ ರೆಷ್ ಇದಕ್ಕೆ ಪರಿಹಾರ ಕೊಟ್ಟರು. ಸಮಭುಜ ತ್ರಿಕೋನಗಳು 2,208. ಮೂರು ಮೂಲೆಯ ನಕ್ಷತ್ರದಾಕಾರದ ತುಂಡುಗಳು 524. ನಕ್ಷತ್ರದ ತುಂಡುಗಳ ಅಳತೆಯನ್ನು ಕೊಂಚ ಕೊಂಚವೇ ಬದಲಿಸುತ್ತಾ ಹೋದರೆ ಮೇಲ್ಮೈ ಬೇಕಾದಂತೆ ಬಾಗುತ್ತದೆ. ಈ ಲೆಕ್ಕವನ್ನು ಕಂಪ್ಯೂಟರ್ ಮಾಡಿತು. ಮನೆಗಳಲ್ಲಿ ಕಂಪ್ಯೂಟರ್ ಎಂಬುದೇ ಇಲ್ಲದ ಕಾಲ ಅದು. ಸುಮಾರು 2.3 ಟನ್ ತೂಕದ ಈ ಮೊಟ್ಟೆ ಕಂಬದ ಮೇಲೆ ಎಷ್ಟು ಸಮತೋಲನದಲ್ಲಿ ಕೂತಿದೆಯೆಂದರೆ ಗಾಳಿಯೇ ಅದನ್ನು ತಿರುಗಿಸುತ್ತದೆ. ಅಜ್ಜಿಯರು ಅಡುಗೆಮನೆಯಲ್ಲಿ ಬಿಡಿಸುತ್ತಿದ್ದ ಚಿತ್ತಾರ ಹೊಸ ಗಣಿತಕ್ಕೆ ದಾರಿಯಾದದ್ದು ಹೀಗೆ.

ಮಂಡೇರ್‌ನ ಸಾಸೇಜ್, ಗ್ಲೆಂಡನ್‌ನ ಕಡುಬು ಇವೂ ಉಕ್ರೇನಿಯನ್ ಅಡುಗೆಮನೆಯವೇ. ಸಾಸೇಜನ್ನು 2001ರಲ್ಲಿ ನಿಲ್ಲಿಸಿದ್ದು ಅದೇ ಊರಿನ ಮಾಂಸದ ವ್ಯಾಪಾರಿ ಕುಟುಂಬ. ಕಡುಬಿನ ಹೆಸರು ಪಿರೋಗಿ. ಮೈದಾ ಹಿಟ್ಟಿನ ಒಳಗೆ ಆಲೂಗಡ್ಡೆ ಮುಂತಾದ ಹೂರಣ ತುಂಬಿ ನೀರಿನಲ್ಲಿ ಬೇಯಿಸುತ್ತಾರೆ.

ದೈತ್ಯ ವಸ್ತುಗಳಿಗೆ ಇನ್ನೊಂದು ಕಾರಣವೂ ಇದೆ, ಅದು ಹೊಟ್ಟೆಪಾಡು. ಹಿಂದೆ ಇಲ್ಲಿನ ಪ್ರತಿ ಊರಿನ ಗುರುತು ರೈಲು ಹಳಿಯ ಪಕ್ಕದ ಎತ್ತರದ ಮರದ ಧಾನ್ಯ ಉಗ್ರಾಣ. 1930ರ ದಶಕದಲ್ಲಿ ಪ್ರೈರಿ ಪ್ರಾಂತ್ಯಗಳಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿದ್ದವು. ಲಾರಿಗಳು ಬಂದವು, ಸಣ್ಣ ರೈಲು ಮಾರ್ಗಗಳು ಮುಚ್ಚಿದವು, ಉಗ್ರಾಣಗಳನ್ನು ಕೆಡವಿದರು. ಹೊಲಗಳು ದೊಡ್ಡದಾದವು, ಮಕ್ಕಳು ನಗರ ಸೇರಿದರು. ಹೆದ್ದಾರಿಯಲ್ಲಿ ಹೋಗುವವನು ಅರ್ಧ ಗಂಟೆ ನಿಂತು, ಒಂದು ಫೋಟೊ ತೆಗೆದು, ಒಂದು ಚಹಾ ಕುಡಿದರೆ ಊರಿನ ಅಂಗಡಿಗೆ ಅಷ್ಟಾದರೂ ವ್ಯಾಪಾರ. ನೋಡಲು ತಮಾಷೆ ಎನಿಸಿದರೂ ಆ ಊರುಗಳಿಗೆ ಇದು ಉಳಿವಿನ ಪ್ರಶ್ನೆ.

ಅನ್ಯಗ್ರಹದವರಿಗೆ ಸ್ವಾಗತ

ವೆಗ್ರೆವಿಲ್‌ನಿಂದ ಉತ್ತರಕ್ಕೆ ತಿರುಗಿದರೆ ಸೇಂಟ್ ಪಾಲ್. 1967ರಲ್ಲಿ ಕೆನಡಾ ಒಕ್ಕೂಟಕ್ಕೆ ನೂರು ವರ್ಷ ತುಂಬಿತು. ದೇಶದ ಊರೂರಲ್ಲಿ ಗ್ರಂಥಾಲಯ, ಆಟದ ಮೈದಾನ ಕಟ್ಟಿಸುತ್ತಿದ್ದಾಗ ಸೇಂಟ್ ಪಾಲ್ ಹಾರುವ ತಟ್ಟೆಗೆ ಇಳಿದಾಣ ಕಟ್ಟಿತು. ಆ ವರ್ಷದ ಜೂನ್ 3ರಂದು ದೇಶದ ರಕ್ಷಣಾ ಸಚಿವ ಪಾಲ್ ಹೆಲ್ಯರ್ ಹೆಲಿಕಾಪ್ಟರ್‌ನಲ್ಲಿ ಬಂದಿಳಿದು ಉದ್ಘಾಟಿಸಿದರು. 2067ರಲ್ಲಿ ತೆರೆಯಬೇಕೆಂದು ಅದರಲ್ಲಿ ಒಂದು ಕಾಲಪೆಟ್ಟಿಗೆಯನ್ನೂ ಇಟ್ಟಿದ್ದಾರೆ. ಎಲ್ಲಿಂದ ಬಂದವರಿಗೂ ನಮ್ಮಲ್ಲಿ ಸ್ವಾಗತವಿದೆ ಎಂಬುದು ಅದರ ಆಶಯ.

ಆದರೆ ಊರಿನಿಂದ ಕೆಲವೇ ಕಿ.ಮೀ. ದೂರದಲ್ಲಿ ಬ್ಲೂ ಕ್ವಿಲ್ಸ್ ಎಂಬ ವಸತಿ ಶಾಲೆಯಿತ್ತು. ಮೂಲನಿವಾಸಿ ಮಕ್ಕಳನ್ನು ತಂದೆ ತಾಯಿಯಿಂದ ಬೇರ್ಪಡಿಸಿ, ಅವರ ಭಾಷೆ ಸಂಸ್ಕೃತಿಗಳನ್ನು ಮರೆಸಲು ಸರ್ಕಾರ ಮತ್ತು ಚರ್ಚ್‌ಗಳು ಕೆನಡಾದಾದ್ಯಂತ ನಡೆಸಿದ ಶಾಲೆಗಳಲ್ಲಿ ಅದೂ ಒಂದು. ಇಳಿದಾಣ ಉದ್ಘಾಟನೆಯಾದಾಗ ಆ ಶಾಲೆ ಇನ್ನೂ ನಡೆಯುತ್ತಲೇ ಇತ್ತು. ನಕ್ಷತ್ರಗಳಿಂದ ಬರುವವರಿಗೆ ಹಾಸಿದ್ದ ಸ್ವಾಗತ ಪಕ್ಕದ ಹಳ್ಳಿಯ ಮಕ್ಕಳಿಗೆ ಸಿಕ್ಕಿರಲಿಲ್ಲ.

1970ರಲ್ಲಿ ಶಾಲೆಯ ಆಡಳಿತ ತಮಗೇ ಬೇಕೆಂದು ಸ್ಯಾಡಲ್ ಲೇಕ್ ಮುಂತಾದ ಕಡೆಯ ಪೋಷಕರು ಆ ಕಟ್ಟಡದಲ್ಲಿ ಧರಣಿ ಕುಳಿತರು. ಸರ್ಕಾರ ಮಣಿಯಿತು. ಕೆನಡಾದಲ್ಲಿ ಮೂಲನಿವಾಸಿಗಳೇ ನಡೆಸಿದ ಮೊದಲ ಶಾಲೆ ಅದಾಯಿತು. ಇಂದು ಅದೇ ಜಾಗದಲ್ಲಿ ಅವರದೇ ವಿಶ್ವವಿದ್ಯಾಲಯವಿದೆ. ಅಲ್ಲಿ ಕ್ರೀ ಭಾಷೆ ಕಲಿಸುತ್ತಾರೆ. ಅಲ್ಲಿ ದೈತ್ಯ ಪ್ರತಿಮೆ ಇಲ್ಲ. ಆದರೂ ವಿದ್ಯಾರ್ಥಿಗಳಾದ ನಾವು ಈ ಇಡೀ ದಾರಿಯಲ್ಲಿ ಒಂದೇ ಕಡೆ ಗಾಡಿ ನಿಲ್ಲಿಸಬೇಕೆಂದರೆ ಅಲ್ಲೇ ನಿಲ್ಲಿಸಬೇಕು.

ವಾಪಸು ಬರುವ 28ನೇ ಹೆದ್ದಾರಿಯಲ್ಲಿ ಸ್ಮೋಕಿ ಲೇಕ್ ಹತ್ತಿರ, ನಾರ್ತ್ ಸಸ್ಕಾಚೆವಾನ್ ನದಿಯ ದಡದಲ್ಲಿ ಮೆಟಿ ಕ್ರಾಸಿಂಗ್ ಎಂಬ ಸಾಂಸ್ಕೃತಿಕ ಕೇಂದ್ರವಿದೆ. ಮೆಟಿ ಎಂದರೆ ಮೂಲನಿವಾಸಿ ಮತ್ತು ಯುರೋಪಿಯನ್ ತುಪ್ಪಳ ವ್ಯಾಪಾರಿಗಳ ಕುಟುಂಬಗಳಿಂದ ಬೆಳೆದ ಸಮುದಾಯ. ಅವರ ಕಥೆಯನ್ನು ಅವರೇ ಅಲ್ಲಿ ಹೇಳುತ್ತಾರೆ. ಅಲ್ಲಿಯೂ ಬೈಸನ್‌ಗಳು ಮರಳಿವೆ.

ಗುಮ್ಮಟದ ಮಸೀದಿ

ಎಡ್ಮಂಟನ್‌ಗೆ ಮರಳಿದ ಮೇಲೆ ಆರ್‌ವಿ ಒಪ್ಪಿಸುವ ಮೊದಲು ಫೋರ್ಟ್ ಎಡ್ಮಂಟನ್ ಪಾರ್ಕ್ ನೋಡಬೇಕು. ಇದೂ ಒಂದು ಬಯಲು ವಸ್ತುಸಂಗ್ರಹಾಲಯ. ಇಲ್ಲಿನ ಹಳೆಯ ಕಟ್ಟಡಗಳ ನಡುವೆ ಅಲ್ ರಶೀದ್ ಮಸೀದಿ ಇದೆ. 1938ರ ಡಿಸೆಂಬರ್‌ನಲ್ಲಿ ಆರಂಭವಾದ ಇದು ಕೆನಡಾದ ಮೊದಲ ಮಸೀದಿ.

ಲೆಬನಾನ್ ಕಡೆಯಿಂದ ವ್ಯಾಪಾರಕ್ಕೆ ಬಂದ ಕೆಲವೇ ಮುಸ್ಲಿಂ ಕುಟುಂಬಗಳು ಅಂದು ಅಲ್ಲಿದ್ದವು. ಆರ್ಥಿಕ ಕುಸಿತದ ಕಷ್ಟದ ವರ್ಷಗಳು ಅವು. ಹಿಲ್ವಿ ಹಮ್ದಾನ್ ಎಂಬ ಮಹಿಳೆ ಮೇಯರ್ ಬಳಿ ಹೋಗಿ ಜಾಗ ಕೇಳಿದರು. ಅವರೂ ಅವರ ಜೊತೆಗಾರ್ತಿಯರೂ ನಗರದ ಅಂಗಡಿ ಅಂಗಡಿಗೆ ಹೋಗಿ ಚಂದಾ ಎತ್ತಿದರು. ಕ್ರೈಸ್ತರು, ಯಹೂದಿಯರು ಎಲ್ಲರೂ ಕೊಟ್ಟರು. ಕಟ್ಟಿದ ಗುತ್ತಿಗೆದಾರ ಉಕ್ರೇನಿಯನ್ ಮೂಲದವರು. ಅದಕ್ಕೇ ಆ ಮಸೀದಿ ಉಕ್ರೇನಿಯನ್ ಚರ್ಚಿನಂತೆಯೇ ಕಾಣುತ್ತದೆ. ಕುರ್‌ಆನಿನ ಇಂಗ್ಲಿಷ್ ಅನುವಾದದಿಂದ ಹೆಸರಾದ ಅಬ್ದುಲ್ಲಾ ಯೂಸುಫ್ ಅಲಿ ಅದರ ಉದ್ಘಾಟನೆಯಲ್ಲಿ ಪಾಲ್ಗೊಂಡಿದ್ದರು. ಮುಂದೆ ಕಟ್ಟಡವನ್ನು ಕೆಡವುವ ಪರಿಸ್ಥಿತಿ ಬಂದಾಗ ಮತ್ತೆ ಮುಸ್ಲಿಂ ಮಹಿಳೆಯರೇ ಮುಂದೆ ನಿಂತು ಹಣ ಕೂಡಿಸಿ, 1990ರ ದಶಕದ ಆರಂಭದಲ್ಲಿ ಅದನ್ನು ಈ ಪಾರ್ಕಿಗೆ ಸಾಗಿಸಿ ಉಳಿಸಿಕೊಂಡರು.

ಒಂದೇ ಪಾರ್ಕ್‌ಲ್ಯಾಂಡಿಗೆ ಬಂದ ಎರಡು ವಲಸಿಗ ಸಮುದಾಯಗಳ ಕೈ ಈ ಕಟ್ಟಡದಲ್ಲಿ ಸೇರಿದೆ.

ನಿಂತಿರುವುದು, ನಿಲ್ಲದಿರುವುದು

ಪ್ರಿಯ ವಿದ್ಯಾರ್ಥಿಗಳೇ, ಈ ರಸ್ತೆಯಿಂದ ಕಲಿಯಬೇಕಾದ ಮಾತು ಒಂದೇ. ಒಂದು ಊರು ಯಾವುದನ್ನು ದೊಡ್ಡದಾಗಿ ನಿಲ್ಲಿಸಿದೆಯೋ ಅದು ಆ ಊರು ತನ್ನ ಬಗ್ಗೆ ಹೇಳಿಕೊಳ್ಳಲು ಬಯಸುವ ಕಥೆ. ಅದು ಸುಳ್ಳಲ್ಲ. ಹಸಿವಿನಿಂದ ಬಂದ ರೈತರು ಬೆವರು ಸುರಿಸಿ ಊರು ಕಟ್ಟಿದ್ದು ನಿಜ. ಆದರೆ ಅದು ಪೂರ್ತಿ ಕಥೆಯೂ ಅಲ್ಲ. ಆ ಹೊಲಗಳಿಗಾಗಿಯೇ ಪಾರ್ಕ್‌ಲ್ಯಾಂಡಿನ ಬಹುಪಾಲು ಹುಲ್ಲು ನೇಗಿಲಿಗೆ ಸಿಕ್ಕಿತು. ಲೆಕ್ಕವಿಲ್ಲದಷ್ಟು ಕೊಳಗಳನ್ನು ಬತ್ತಿಸಿದರು. ಬೆಂಕಿ ಮತ್ತು ಬೈಸನ್ ಇಲ್ಲವಾದ ಕಡೆ ಉಳಿದ ಹುಲ್ಲಿನ ಮೇಲೆ ಆಸ್ಪೆನ್ ಹಬ್ಬಿತು. ಮೂಲ ಸ್ಥಿತಿಯ ಪಾರ್ಕ್‌ಲ್ಯಾಂಡ್ ಇಂದು ಸಣ್ಣ ಸಣ್ಣ ತುಂಡುಗಳಲ್ಲಿ ಮಾತ್ರ ಉಳಿದಿದೆ. ಬೇಲಿ ಹಾಕಿದ ಎಲ್ಕ್ ಐಲೆಂಡ್ ಈ ಅರ್ಥದಲ್ಲಿ ನಿಜವಾಗಿಯೂ ದ್ವೀಪವೇ.

ಹುಲ್ಲಿನ ನೆಲವನ್ನು ಖಾಲಿ ಜಾಗವೆಂದು ತಿಳಿಯುವ ತಪ್ಪು ಕೆನಡಾದವರದು ಮಾತ್ರವಲ್ಲ. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲಿನ ಮೇಲೂ ನೀಲಗಿರಿ ಮರ ನೆಟ್ಟಿದ್ದಾರೆ. ಮರ ನೆಟ್ಟರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಯಾವ ನೆಲದಲ್ಲಿ ಎಂಬುದನ್ನೂ ಕೇಳಬೇಕು ಎಂಬುದನ್ನು ಪಾರ್ಕ್‌ಲ್ಯಾಂಡ್ ಕಲಿಸುತ್ತದೆ.

ಆರ್‌ವಿ ನಮ್ಮ ಬಳಿ ಇಲ್ಲ. ಕಾಲೇಜಿಗೆ ಬರುವ ಬಸ್ಸಂತೂ ಇದೆ. ನಾಳೆ ಕಿಟಕಿ ಪಕ್ಕ ಕೂತು ದಾರಿ ನೋಡುತ್ತಾ ಬನ್ನಿ. ನಿಮ್ಮ ಊರಿನ ಸರ್ಕಲ್‌ನಲ್ಲಿ ಏನು ನಿಂತಿದೆ? ಯಾರು ನಿಲ್ಲಿಸಿದರು, ಯಾವ ವರ್ಷ? ಅದಕ್ಕೂ ಮೊದಲು ಅಲ್ಲಿ ಏನಿತ್ತು? ಮನೆಯ ಹಿರಿಯರನ್ನು ಕೇಳಿ, ಎರಡು ಪುಟ ಬರೆದು ತನ್ನಿ. ನಮ್ಮ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇದೆ.